ಮುರಿಗೆಪ್ಪನ ನಿದ್ದೆಯ ಮೇಲೆ ಮೂರು ಪಾಳಿ

ಯಂತ್ರಕ್ಕೆ ಹದಿನಾಲ್ಕು ಲಕ್ಷ. ಅದರ ಜೊತೆಗೆ ಬರುವ ತಲೆಪಟ್ಟಿ ಎರಡು, ಒಂದೊಂದಕ್ಕೆ ನಲವತ್ತು ಸಾವಿರ. ಮಲಗುವ ಕೋಣೆಯ ಕಿಟಕಿಗೆ ದಪ್ಪ ಗಾಜು, ಅದರ ಮೇಲೆ ಜಮಖಾನೆಯಂಥ ಪರದೆ, ಎರಡೂ ಸೇರಿ ಮೂವತ್ತೆರಡು ಸಾವಿರ. ಹಳೆಯ ಗಾದಿಯ ಹತ್ತಿ ಬಿಚ್ಚಿಸಿ, ಹಿಂಜಿಸಿ, ಮತ್ತೆ ತುಂಬಿಸಿದ್ದಕ್ಕೆ ಎರಡೂವರೆ ಸಾವಿರ. ಪಕ್ಕದ ಹಿಟ್ಟಿನ ಗಿರಣಿಯವನು ಮಧ್ಯಾಹ್ನ ಗಿರಣಿ ನಿಲ್ಲಿಸಲು ತಿಂಗಳಿಗೆ ಆರು ಸಾವಿರ ಕೇಳಿ ನಾಲ್ಕಕ್ಕೆ ಒಪ್ಪಿದ. ತರಕಾರಿ ಗಾಡಿಯವಳು ದುಡ್ಡು ಬೇಡವೆಂದಳು. ಕೂಗದೆ ಓಣಿ ದಾಟುವುದಕ್ಕೆ ದಿನಕ್ಕೊಂದು ಕಟ್ಟು ರೊಟ್ಟಿ ಸಾಕೆಂದಳು.

ಈ ಲೆಕ್ಕದಲ್ಲಿ ಬೆಲೆ ಕಟ್ಟದೆ ಬಿಟ್ಟದ್ದು ಒಂದೇ, ಮುರಿಗೆಪ್ಪನ ನಿದ್ದೆ. ಅದು ಮನೆಯಲ್ಲೇ ಹೇರಳವಾಗಿ ಬಿದ್ದಿದ್ದ ಮಾಲು, ಅದಕ್ಕೇನು ಬೆಲೆ ಎಂದು ಅವನ ಹೆಂಡತಿ ನೀಲಗಂಗಾ ತಿಳಿದಿದ್ದಳು. ಜೋಳದ ದರ ಹಿಡಿಯದೆ ರೊಟ್ಟಿಯ ದರ ಹೇಳುವ ಹೆಂಗಸಲ್ಲ ಅವಳು. ಆ ಒಂದು ಸಲ ಮಾತ್ರ ಮೂಲ ಮಾಲಿನ ದರ ಹಿಡಿಯಲಿಲ್ಲ.

ಹುಬ್ಬಳ್ಳಿಯ ಹೊರಗಿನ ಕೈಗಾರಿಕಾ ವಸಾಹತಿನಲ್ಲಿ ನೀಲಗಂಗಾ ಕವಲೂರಳ ಕಡಕ್ ರೊಟ್ಟಿಯ ಕಾರ್ಖಾನೆ ಇತ್ತು. ಅಡುಗೆಮನೆಯ ಒಂದು ಹಂಚಿನಿಂದ ಶುರುವಾದದ್ದು, ಈಗ ಹಿಟ್ಟು ನಾದುವುದಕ್ಕೆ ಒಂದು ಯಂತ್ರ, ಬಡಿಯುವುದಕ್ಕೆ ಒಂದು, ಬೇಯಿಸುವುದಕ್ಕೆ ಉದ್ದನೆಯ ಬಿಸಿ ಪಟ್ಟಿ ಎಂದು ಬೆಳೆದು, ಕೊಲ್ಲಾಪುರ, ಮುಂಬಯಿಗಳ ತನಕ ಲಾರಿ ಹೋಗುತ್ತಿತ್ತು. ಅವಳಿಗೆ ದಿನವೆಂದರೆ ಲಾರಿ ಹೊರಡುವ ಮೊದಲು ಮತ್ತು ಲಾರಿ ಹೊರಟ ಮೇಲೆ ಎಂದು ಎರಡೇ ಭಾಗ. ತಂಗಿಯ ಮಗನ ಮದುವೆಗೆ ಹೋದಾಗ ಅಕ್ಷತೆ ಹಾಕುವ ಹೊತ್ತಿಗೆ ಅವಳು ಊಟದ ಮನೆಯಲ್ಲಿದ್ದಳು. ಅಲ್ಲಿಯ ರೊಟ್ಟಿಯ ಅಂಚು ಮುರಿದು, ಕಿವಿಯ ಹತ್ತಿರ ಹಿಡಿದು, ಸದ್ದು ಕೇಳಿ, "ಹಸಿ ಐತಿ" ಎಂದು ಅಡುಗೆಯವರೊಡನೆ ಜಗಳ ತೆಗೆದಿದ್ದಳು. ದವಾಖಾನೆಯಲ್ಲಿ ಪಿತ್ತಕೋಶ ತೆಗೆಸಿಕೊಂಡು ಮಂಪರಿನಿಂದ ಕಣ್ಣು ಬಿಟ್ಟಾಗ ಅವಳು ಕೇಳಿದ ಮೊದಲ ಮಾತು, "ಲೋಡ್ ಹೋತೇನು?"

ಮುರಿಗೆಪ್ಪ ಅಂಚೆ ಕಚೇರಿಯ ನೌಕರಿಯನ್ನು ಅವಧಿಗೆ ಮೊದಲೇ ಬಿಟ್ಟವನು. ಒಂದು ಮನೆಯಲ್ಲಿ ಚಿಂತೆ ಮಾಡುವವರು ಇಬ್ಬರು ಯಾಕೆ ಎಂಬುದು ಅವನು ಕೊಟ್ಟ ಕಾರಣ. ಅವನಿಗೆ ಆಸ್ತಿ ಎಂದು ಇದ್ದದ್ದು ನಿದ್ದೆ. ಬಸ್ಸಿನಲ್ಲಿ ಸರಳು ಹಿಡಿದು ನಿಂತೇ ಮಲಗುತ್ತಿದ್ದ. ಊಟವಾಗಿ ಕೈ ತೊಳೆದು ಬರುವಷ್ಟರಲ್ಲಿ ಕಣ್ಣು ಮುಚ್ಚಿರುತ್ತಿತ್ತು. ಎಚ್ಚರವಿದ್ದಾಗ ಮನೆಯ ಮುಂದಿನ ಕಟ್ಟೆಯ ಮೇಲೆ ಹೊಲಿಗೆ ಯಂತ್ರ ರಿಪೇರಿಯ ದಾವಲಸಾಬನೊಡನೆ ಪಗಡೆ ಆಡುತ್ತಿದ್ದ. ಗೆದ್ದರೂ ನಗುತ್ತಿದ್ದ, ಸೋತರೂ ನಗುತ್ತಿದ್ದ. ಹೆಂಡತಿಗೆ ಮಾತ್ರ ಇದು ವಿದ್ಯುತ್ ಬಿಲ್ಲು ಕಟ್ಟಿ ಯಂತ್ರವನ್ನು ಖಾಲಿ ತಿರುಗಿಸಿದಂತೆ ಕಾಣುತ್ತಿತ್ತು.

ಹೀಗಿರುವಾಗ ಪುಣೆಯ ಒಂದು ದೊಡ್ಡ ಕಂಪನಿ, ಮೂರು ಪಾಳಿ ನಡೆಸುವುದಾದರೆ ಅಷ್ಟೂ ರೊಟ್ಟಿ ನಾವೇ ಕೊಳ್ಳುತ್ತೇವೆ ಎಂದಿತು. ಮೂರು ಪಾಳಿಗೆ ಜನ ಸಿಗುತ್ತಿದ್ದರು, ಜೋಳ ಸಿಗುತ್ತಿತ್ತು. ಸಿಗದಿದ್ದದ್ದು ಮೂರೂ ಪಾಳಿಯಲ್ಲಿ ನಿಲ್ಲುವ ನೀಲಗಂಗಾ. ಬೇರೆಯವರ ಕೈಗೆ ಒಂದು ಪಾಳಿ ಕೊಡುವ ಮಾತು ಅವಳ ತಲೆಯೊಳಗೆ ಬರಲೇ ಇಲ್ಲ. ಬಂದದ್ದು ನಿದ್ದೆಯ ಯಂತ್ರ.

ನಿದ್ದೆಯನ್ನು ಒಬ್ಬರಿಂದ ಒಬ್ಬರಿಗೆ ಸಾಗಿಸಬಹುದೆಂದು ಗೊತ್ತಾಗಿ ಆಗ ಹೆಚ್ಚು ಕಾಲವಾಗಿರಲಿಲ್ಲ. ಅದನ್ನು ಕಂಡುಹಿಡಿದ ಡಾ. ಅಚ್ಯುತ ಗಲಗಲಿ ಧಾರವಾಡದಲ್ಲಿ ಒಂದು ಹಳೆಯ ಬಂಗಲೆಯನ್ನೇ ಪ್ರಯೋಗಾಲಯ ಮಾಡಿಕೊಂಡಿದ್ದರು. ಸಣಕಲು ದೇಹ, ಕಣ್ಣಿನ ಕೆಳಗೆ ಕಪ್ಪು.

"ನಾವು ಮಲಗಿದಾಗ ಮೆದುಳು ಸುಮ್ಮನ ಇರೂದಿಲ್ರಿ," ಎಂದು ಅವರು ದಂಪತಿಗೆ ವಿವರಿಸಿದರು. "ದಿನದ ಕಸಾ ತೊಳೀತದ, ಪಾತ್ರಿ ತೊಳದ್ಹಂಗ. ಆ ತೊಳಿಯೂದಕ್ಕ ಒಂದು ತಾಳ ಅದ. ಈ ಪಟ್ಟಿ ಮಲಗಿದವರ ತಲಿಯಿಂದ ತಾಳ ಹಿಡೀತದ. ಪೆಟ್ಟಿಗಿ ಅದನ್ನ ಕಳಸ್ತದ. ಇನ್ನೊಂದು ಪಟ್ಟಿ ಎಚ್ಚರ ಇದ್ದವರ ತಲಿಗೆ ಅದ ತಾಳ ಹಾಕ್ತದ. ಅವರು ತಮ್ಮ ಕೆಲಸಾ ಮಾಡಕೋತ ಇರ್ತಾರ, ಒಳಗ ಪಾತ್ರಿ ಸ್ವಚ್ಛ ಆಗ್ತಾವ."

"ಮತ್ತ ಮಲಗಿದವರ ಪಾತ್ರಿ?" ಎಂದ ಮುರಿಗೆಪ್ಪ.

"ನೀವು ಎರಡು ಮನಿ ಪಾತ್ರಿ ತೊಳದ್ಹಂಗ. ಡಬಲ್ ಮಲಗಬೇಕು."

"ಕೂಲಿಗೆ ಯಾರರ ಸಿಗತಾರೇನ್ರಿ, ಮಲಗವರು?" ಎಂದಳು ನೀಲಗಂಗಾ. ಅವಳ ಪ್ರಶ್ನೆ ಯಾವಾಗಲೂ ಅಲ್ಲಿಂದಲೇ ಶುರು.

"ಆಗೂದಿಲ್ರಿ. ಯಾರ ತಾಳ ಯಾರಿಗೂ ಹೊಂದೂದಿಲ್ಲ. ಭಾಳ ವರ್ಷ ಒಂದ ಮನ್ಯಾಗ ಮಲಗಿ ಎದ್ದವರದಷ್ಟ ಹೊಂದತದ. ಅದಕ್ಕ ನೋಡ್ರಿ, ನನ್ನ ಯಂತ್ರ ನನಗ ಉಪಯೋಗಿಲ್ಲ. ಮದುವಿ ಆಗಿಲ್ಲ."

ಮುರಿಗೆಪ್ಪನಿಗೆ ಡಾಕ್ಟರರ ಮೇಲೆ ಕನಿಕರ ಬಂತು. ಒಪ್ಪಿಗೆ ಇದೆಯೇ ಎಂದು ಅವರು ಕೇಳಿದಾಗ ಅವನು ಹೆಂಡತಿಯ ಮುಖ ನೋಡಿದ. "ಮಲಗೂದಷ್ಟ ಅಲ್ರಿ ಕೆಲಸ? ಆಗಲಿ ಬಿಡ್ರಿ. ಇಷ್ಟು ವರ್ಷದಾಗ ಆಕಿ ನನ್ನ ಕಡೆ ಏನರ ಬೇಕಂತ ಬಂದದ್ದು ಇದ ಮೊದಲು."

ಮೊದಮೊದಲು ಎಲ್ಲವೂ ಸೊಗಸಾಗಿ ನಡೆಯಿತು. ಮುರಿಗೆಪ್ಪ ರಾತ್ರಿ ಮಲಗಿದ್ದು ಸಾಲದೆಂದು ಮಧ್ಯಾಹ್ನ ಊಟ ಮಾಡಿ, ಪಟ್ಟಿ ಕಟ್ಟಿಕೊಂಡು, ಮತ್ತೆ ಹೊತ್ತು ಮುಳುಗುವವರೆಗೆ ಮಲಗುತ್ತಿದ್ದ. ಅತ್ತ ಕಾರ್ಖಾನೆಯಲ್ಲಿ ನೀಲಗಂಗಾ ಸೆರಗಿನ ಕೆಳಗೆ ಪಟ್ಟಿ ಕಟ್ಟಿಕೊಂಡು ಮೂರು ಪಾಳಿಯಲ್ಲೂ ಓಡಾಡುತ್ತಿದ್ದಳು. ಆಕಳಿಕೆ ಇಲ್ಲ, ತಲೆನೋವಿಲ್ಲ. ಮಧ್ಯಾಹ್ನ ಅವನು ಗೊರಕೆ ಹೊಡೆದಷ್ಟೂ ಇತ್ತ ಅವಳ ನಡಿಗೆ ಚುರುಕಾಗುತ್ತಿತ್ತು. ಕಂಟ್ರೋಲ್ ರೂಮಿನಲ್ಲಿ ಮೊದಲು ಎರಡು ಪರದೆಗಳಿದ್ದವು, ಒಂದರಲ್ಲಿ ಬಿಸಿ ಪಟ್ಟಿಯ ಕಾವು, ಇನ್ನೊಂದರಲ್ಲಿ ಹಿಟ್ಟಿನ ಹದ. ಈಗ ಮೂರನೆಯದು ಬಂತು. ಅದರಲ್ಲಿ ಹಸಿರು ಗೆರೆಯಾಗಿ ಮುರಿಗೆಪ್ಪ. ಅವನ ಉಸಿರು, ಅವನ ನಾಡಿ.

ಅಲ್ಲಿ ಕೂರುವವಳು ಸಾವಂತ್ರವ್ವ, ಹಂಚಿನ ಕಾಲದಿಂದಲೂ ಜೊತೆಗಿದ್ದವಳು. "ಅಕ್ಕಾರ, ಮಾಮಾರು ಮಗ್ಗಲಾ ಬದಲಿಸಿದ್ರು ನೋಡ್ರಿ," ಎಂದು ಅವಳು ಕೂಗಿದರೆ ರೊಟ್ಟಿ ಎಣಿಸುವ ಹೆಂಗಸರು ನಗುತ್ತಿದ್ದರು. ತಮ್ಮ ಗಂಡಂದಿರೂ ಹೀಗೆ ಪರದೆಯ ಮೇಲೆ ಗೆರೆಯಾಗಿ ಇದ್ದುಬಿಟ್ಟರೆ ಎಷ್ಟು ಅನುಕೂಲ ಎಂದು ಒಬ್ಬಳೆಂದಳು. ತನ್ನವನು ಈಗಲೂ ಗೆರೆಯೇ, ಅಲುಗಾಡುವುದಿಲ್ಲ ಎಂದಳು ಇನ್ನೊಬ್ಬಳು.

ಸುದ್ದಿ ವಸಾಹತಿನಲ್ಲೆಲ್ಲ ಹಬ್ಬಿತು. ವಾಲ್ವ್ ಮಾಡುವ ಒಬ್ಬ ಮಾಲೀಕ ತಾನೂ ಯಂತ್ರ ತಂದು, ಮನೆಯಲ್ಲಿ ನಿದ್ದೆ ಮಾಡುವವರು ಯಾರೂ ಇಲ್ಲದೆ, ಊರಿನಿಂದ ಸೋದರಮಾವನನ್ನು ಕರೆಸಿದ. ತಾಳ ಹೊಂದಲಿಲ್ಲ. ಇಬ್ಬರಿಗೂ ಒಂದೇ ಹೊತ್ತಿಗೆ ಬಿಕ್ಕಳಿಕೆ ಬಂದು ಮಾವನನ್ನು ಬಸ್ಸು ಹತ್ತಿಸಬೇಕಾಯಿತು. ಗಂಡು ನೋಡುವ ಮನೆಗಳಲ್ಲಿ ಮಾತು ಬದಲಾಯಿತು. "ಹುಡುಗ ಏನ ಮಾಡ್ತಾನ್ರಿ?" ಎಂದರೆ ಹುಡುಗನ ಅವ್ವ ತಲೆ ಎತ್ತಿ, "ಭಾಳ ಚಲೋ ಮಲಗತಾನ್ರಿ," ಎನ್ನುತ್ತಿದ್ದಳು. ಹೊತ್ತು ನೆತ್ತಿಗೆ ಬಂದರೂ ಏಳದ ಅಳಿಯಂದಿರಿಗೆ ಅತ್ತೆಯರು ಹೊದಿಕೆ ಸರಿಮಾಡತೊಡಗಿದರು.

ಎಲ್ಲರಿಗಿಂತ ಹೆಚ್ಚು ಮರ್ಯಾದೆ ಸಿಕ್ಕಿದ್ದು ಮುರಿಗೆಪ್ಪನಿಗೆ. ಅವನು ಕಟ್ಟೆಯ ಮೇಲೆ ಕುಳಿತರೆ ಹಾದುಹೋಗುವವರು, "ಡ್ಯೂಟಿ ಮುಗೀತೇನ್ರಿ ಸಾವಕಾರ್ರ?" ಎಂದು ಕೇಳುತ್ತಿದ್ದರು.

ತಪ್ಪಾದದ್ದು ಆರ್ಡರು ಬೆಳೆದ ಮೇಲೆ. ನೀಲಗಂಗಾಳಿಗೆ ಯಾವುದೇ ಕೆಲಸ ಚೆನ್ನಾಗಿ ನಡೆಯುತ್ತಿದ್ದರೆ ಅದನ್ನು ಅಷ್ಟಕ್ಕೇ ಬಿಡುವುದು ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಮೂರನೆಯ ಪರದೆಯ ಗೆರೆ ಸ್ವಲ್ಪ ನಡುಗಿದ್ದನ್ನು ನೋಡಿದಳು. ಮನೆಗೆ ಬಂದವಳೇ ಗಂಡನನ್ನು ಕುರ್ಚಿಯ ಮೇಲೆ ಕೂರಿಸಿ, ತಾನು ಎದುರು ಕುಳಿತು, ಮೀಟಿಂಗ್ ಎಂದಳು.

"ಇವತ್ತ ಊಟ ಆದಮ್ಯಾಲೆ ಗೆರಿ ಯಾಕ ಅಲಗ್ಯಾಡತು?"

"ಕನಸು ಬಿದ್ದಿತ್ತು."

"ಎಂಥಾ ಕನಸು?"

"ನೆನಪಿಲ್ಲ ಮಾರಾಯ್ತಿ."

"ನೆನಪಿಲ್ಲಂದ್ರ ಹೆಂಗ್ರಿ? ಮತ್ತೊಮ್ಮೆ ಬೀಳಬಾರದಂದ್ರ ಕಾರಣ ತಿಳೀಬೇಕೋ ಬ್ಯಾಡೋ?"

ಕಾರಣಗಳ ಹುಡುಕಾಟ ಶುರುವಾಯಿತು. ಚಹಾ ನಿಂತಿತು. ಮಿರ್ಚಿ ಭಜಿ ನಿಂತಿತು. ಸಂಜೆ ಆಡಿದ ಪಗಡೆ ತಲೆಯಲ್ಲಿ ಉಳಿದು ನಿದ್ದೆ ಕೆಡಿಸುತ್ತದೆಂದು ತೀರ್ಮಾನವಾಗಿ ದಾವಲಸಾಬನ ಬರವು ನಿಂತಿತು. ಆಮೇಲೆ ಅವಳು ರೊಟ್ಟಿಗೆ ಹಾಕುವ ದರ್ಜೆಯನ್ನೇ ನಿದ್ದೆಗೂ ಹಾಕತೊಡಗಿದಳು. ಅವಳ ಕಾರ್ಖಾನೆಯಲ್ಲಿ ಅಂಚು ಒಡೆಯದೆ ದುಂಡಗಿರುವುದು ಒಂದನೇ ದರ್ಜೆ, ಸ್ವಲ್ಪ ಸೊಟ್ಟಗಿರುವುದು ಎರಡನೇ ದರ್ಜೆ, ಮುರಿದದ್ದು ಚೂರು. ಚೂರನ್ನು ಪೊಟ್ಟಣ ಕಟ್ಟಿ ಅಗ್ಗಕ್ಕೆ ಕೊಡುತ್ತಿದ್ದರು. ಈಗ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಅವಳು, "ಇವತ್ತಿಂದು ಎರಡನೇ ದರ್ಜಿ," ಎನ್ನುತ್ತಿದ್ದಳು. ಒಂದು ದಿನ ಬಾಗಿಲಲ್ಲೇ ನಿಂತು, "ಏನ್ರಿ ಇದು, ಪೂರಾ ಚೂರು!" ಎಂದಳು.

ಆ ದಿನ ಮುರಿಗೆಪ್ಪ ತಟ್ಟೆಯ ಮುಂದೆ ಕುಳಿತು ಬಹಳ ಹೊತ್ತು ಏನೂ ತಿನ್ನಲಿಲ್ಲ. ಅವನ ನಿದ್ದೆಯನ್ನು ಅವನ ಅವ್ವ ಬೈದಿದ್ದಳು, ಪೋಸ್ಟ್ ಮಾಸ್ತರು ಬೈದಿದ್ದರು. ಅತಿ ಆಯಿತೆಂದು ಬೈದವರೇ ಎಲ್ಲರೂ. ಸಾಲದು, ಚೆನ್ನಾಗಿಲ್ಲ ಎಂದು ಯಾರೂ ಅಂದಿರಲಿಲ್ಲ.

ಮಾರನೆಯ ದಿನದಿಂದ ಅವನು ಹಾಸಿಗೆಗೆ ಹೋಗುವಾಗ ಪರೀಕ್ಷೆಗೆ ಹೊರಟವನಂತೆ ಮುಖ ಮಾಡಿಕೊಂಡ. ಮಲಗಿ ಕಣ್ಣು ಮುಚ್ಚಿದರೆ ಆ ಹಸಿರು ಗೆರೆ ಕಾಣುತ್ತಿತ್ತು. ಅತ್ತ ಪರದೆಯಲ್ಲಿ ಗೆರೆ ನಡುಗಿದ ಕೂಡಲೇ ನೀಲಗಂಗಾ ಫೋನು ಮಾಡುತ್ತಿದ್ದಳು. "ಯಾಕ್ರಿ, ನಿದ್ದಿ ಬರವಲ್ದೇನು?"

"ಈಗ ಬರಾಕತ್ತಿತ್ತು. ಫೋನ್ ಬಂತು."

"ಇಡ್ತೀನಿ, ಇಡ್ತೀನಿ. ಲಗೂ ಮಲಗ್ರಿ."

ಇಂಥ ಮೀಟಿಂಗುಗಳು ಕೆಲವಾದ ಮೇಲೆ, ದಸರೆಯ ಹೊತ್ತಿಗೆ, ಒಮ್ಮೆಲೇ ಎಲ್ಲವೂ ಸರಿಹೋಯಿತು. ಗೆರೆ ದಾರ ಎಳೆದಂತೆ ನೆಟ್ಟಗಾಯಿತು. ಉಸಿರು ನಿಧಾನ, ನಾಡಿ ನಿಧಾನ. ದಿನವೂ ಒಂದನೇ ದರ್ಜೆ. ನೀಲಗಂಗಾ ಸಾವಂತ್ರವ್ವನಿಗೆ ಪರದೆ ತೋರಿಸಿ, "ನೋಡು, ಮನಷಾನ ಮ್ಯಾಲೆ ಲಕ್ಷ್ಯ ಇಟ್ರ ಹೆಂಗ ಸುಧಾರಸ್ತಾನ," ಎಂದಳು.

ಅದೇ ದಿನಗಳಲ್ಲಿ ಕಾರ್ಖಾನೆಯಲ್ಲಿ ಸಣ್ಣಪುಟ್ಟ ವಿಚಿತ್ರಗಳು ನಡೆಯತೊಡಗಿದವು. ಮುಂಬಯಿಯ ಪೆಟ್ಟಿಗೆಗಳು ಕೊಲ್ಲಾಪುರಕ್ಕೆ ಹೋದವು. ನೀಲಗಂಗಾ ಒಬ್ಬ ಹೆಂಗಸನ್ನು ಒಂದೇ ತಪ್ಪಿಗೆ ಎರಡು ಸಲ ಬೈದಳು, ಎರಡನೆಯ ಸಲ ಮೊದಲಿನದು ನೆನಪಿಲ್ಲದೆ. ಲಾರಿಯ ಡ್ರೈವರನನ್ನು ಸತ್ತುಹೋದ ಅತ್ತೆಯ ಹೆಸರಿನಿಂದ ಕರೆದಳು. ಒಂದು ಬೆಳಿಗ್ಗೆ ತಾನೇ ತೂಕದ ಯಂತ್ರದ ಮೇಲೆ ನಿಂತು, ಅಂಕಿ ನೋಡಿ, "ಈ ಪೆಟ್ಟಿಗಿ ಭಾರ ಆಗೇತಿ, ಇಳಸ್ರಿ," ಎಂದು ಆಜ್ಞೆ ಮಾಡಿದಳು. ಯಾರೂ ನಗಲಿಲ್ಲ. ಎಲ್ಲರಿಗೂ ಸ್ವಲ್ಪ ಭಯವಾಯಿತು.

ಮುರಿಗೆಪ್ಪ ಸೋಮವಾರದ ಮಾತು ತೆಗೆದದ್ದು ಆ ವಾರವೇ. "ಇನ್ನಮ್ಯಾಲೆ ಸೋಮವಾರ ನಾ ಪಟ್ಟಿ ಕಟ್ಟಿಕೊಳ್ಳೂದಿಲ್ಲ," ಎಂದ.

"ಯಾಕಂತ?"

"ನಿಮ್ಮಪ್ಪ ಸೋಮವಾರ ಎತ್ತು ಹೂಡತಿದ್ನೇನು?"

ನೀಲಗಂಗಾಳ ಅಪ್ಪ ಸೋಮವಾರ ಎತ್ತಿನ ಹೆಗಲಿಗೆ ನೊಗ ಮುಟ್ಟಿಸಿದವನಲ್ಲ. ಮಳೆ ಬಿದ್ದು, ನೆಲ ಹದವಾಗಿ, ಸುತ್ತಲ ಹೊಲದಲ್ಲಿ ಬಾಡಿಗೆಯ ಟ್ರ್ಯಾಕ್ಟರು ಬಿತ್ತುತ್ತಿದ್ದರೂ ಸೋಮವಾರ ಅವನ ಎತ್ತುಗಳು ನೆರಳಲ್ಲಿ ನಿಂತು ಮೇವು ತಿನ್ನುತ್ತಿದ್ದವು. ಆ ಸೀಮೆಯಲ್ಲಿ ಅದನ್ನು ಮುರಿದವರಿಲ್ಲ.

"ಅದು ಬ್ಯಾರೆ," ಎಂದಳು ಅವಳು. "ಎತ್ತಂದ್ರ ಬಸವಣ್ಣ."

"ನನ್ನ ಬಸವಣ್ಣ ಅನಬ್ಯಾಡ. ಎತ್ತಂತ ತಿಳಕೊಂಡ್ರ ಸಾಕು."

ಅಪ್ಪನನ್ನು ಮುಂದಿಟ್ಟು ಕೇಳಿದ್ದನ್ನು ಇಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಪಟ್ಟಿ ಬಿಚ್ಚಿಟ್ಟ ಮೊದಲ ಸೋಮವಾರ ಅವಳು ಅರ್ಧ ಸತ್ತುಹೋಗಲು ಸಿದ್ಧಳಾಗಿಯೇ ಕಾರ್ಖಾನೆಗೆ ಹೋದಳು. "ಇವತ್ತ ನಾ ಬಿದ್ರ ಮಾರಿಗೆ ನೀರ ಹೊಡೀರಿ," ಎಂದು ಸಾವಂತ್ರವ್ವನಿಗೆ ಹೇಳಿಟ್ಟಳು. ಸಂಜೆಯಾಯಿತು. ಬೀಳಲಿಲ್ಲ. ತಲೆ ಭಾರವಿತ್ತು, ಕಣ್ಣು ಉರಿಯುತ್ತಿತ್ತು. ಭಾನುವಾರವೂ ಹಾಗೇ ಇತ್ತು. ಮುಂದಿನ ಸೋಮವಾರವೂ ಅಷ್ಟೇ.

ಅವಳು ಪುಸ್ತಕ ಓದಿ ಉದ್ಯಮ ಕಲಿತವಳಲ್ಲ. ಆದರೆ ಹಿಟ್ಟಿನಿಂದ ಒಂದು ವಸ್ತುವನ್ನು ತೆಗೆದರೂ ರೊಟ್ಟಿ ಹಾಗೇ ಬಂದರೆ ಆ ವಸ್ತು ಮೊದಲಿನಿಂದಲೂ ಹಿಟ್ಟಿನಲ್ಲಿ ಇರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಪಟ್ಟಿ ಇದ್ದ ಭಾನುವಾರಕ್ಕೂ ಇಲ್ಲದ ಸೋಮವಾರಕ್ಕೂ ಫರಕಿಲ್ಲ. ಅಂದರೆ ಯಂತ್ರದಿಂದ ಏನೂ ಬರುತ್ತಿಲ್ಲ. ಅಂದರೆ ಗಲಗಲಿ ಡಾಕ್ಟರು ಮೋಸ ಮಾಡಿದ್ದಾರೆ.

ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಾವಂತ್ರವ್ವನನ್ನು ಸಾಕ್ಷಿಗೆ ಕರೆದುಕೊಂಡು ಅವಳು ಧಾರವಾಡಕ್ಕೆ ಹೋದಳು. "ನಿಮ್ಮ ಡಬ್ಬಿ ಖಾಲಿ ಐತ್ರಿ," ಎಂದು ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದಳು. "ನನ್ನ ರೊಕ್ಕ ವಾಪಸ್ ಕೊಡ್ರಿ."

ಗಲಗಲಿ ಪೆಟ್ಟಿಗೆ ಬಿಚ್ಚಿ, ತಂತಿ ಜೋಡಿಸಿ, ಬಹಳ ಹೊತ್ತು ನೋಡಿದರು. ಕಾರ್ಖಾನೆಯ ಪರದೆಗೆ ಹೋಗುತ್ತಿದ್ದುದು ಉಸಿರು ಮತ್ತು ನಾಡಿ ಮಾತ್ರ. ತೊಳೆಯುವ ತಾಳದ ಗುರುತು ಪೆಟ್ಟಿಗೆಯ ಒಳಗೆ ಬೇರೆಯಾಗಿ ಉಳಿಯುತ್ತಿತ್ತು. ಆ ಗುರುತನ್ನು ತೆರೆದು ನೋಡಿ ಅವರು ಕನ್ನಡಕ ತೆಗೆದರು.

"ಯಂತ್ರ ಸರಿ ಅದ್ರಿ. ಮಾಲು ಬಂದಿಲ್ಲ. ದಸರಾದಿಂದ ಇತ್ಲಾಗ ಮಲಗಿದವರ ಕಡಿಂದ ತಾಳನ ಬಂದಿಲ್ಲ." ಮತ್ತೆ ಕನ್ನಡಕ ಹಾಕಿಕೊಂಡರು. "ಆದರ ನಿಮ್ಮ ತಲಿಯೊಳಗ ನಿಮ್ಮದ ತಾಳ ನಡುನಡುವ ಕಾಣಸ್ತದ. ಚೂರು ಚೂರು. ಅರ್ಧ ನಿಮಿಷ, ಒಂದು ನಿಮಿಷ. ನೀವು ನಿಂತಲ್ಲೇ ಮಲಗೀರಿ."

"ಸುಳ್ಳು! ನಾ ಯಾವಾಗ ಮಲಗೀನಿ?"

ಸಾವಂತ್ರವ್ವ ಸಂಕೋಚದಿಂದ ಕೆಮ್ಮಿದಳು. "ಅಕ್ಕಾರ, ಒಮ್ಮೊಮ್ಮೆ ಮಾತಾಡಕೋತ ನಡುವ ನಿಲ್ಲತಿದ್ರಲ್ರಿ, ಬಾಯಿ ತಕ್ಕೊಂಡು? ಏನೋ ದೊಡ್ಡ ವಿಚಾರ ಮಾಡಾಕತ್ತಾರ ಅಂತ ನಾವು ಸುಮ್ಮನಿರತಿದ್ವಿ."

ಎಲ್ಲರೂ ಮುರಿಗೆಪ್ಪನ ಕಡೆ ತಿರುಗಿದರು. ಅವನು ಪಂಚೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಿದ್ದ.

"ನಿದ್ದಿ ಬರೂದು ಬಿಟ್ಟು ಭಾಳ ದಿನಾ ಆತು," ಎಂದ. "ಉಸಿರು ನಿಧಾನ ಬಿಟ್ರ ಗೆರಿ ನೆಟ್ಟಗ ಇರತೈತಿ ಅಂತ ಒಂದಿನ ಗೊತ್ತಾತು. ಅಲಗ್ಯಾಡದಂಗ ಬೀಳತಿದ್ದೆ."

"ಅಷ್ಟು ಹೊತ್ತು?" ಗಲಗಲಿಯವರಿಗೆ ವಿಜ್ಞಾನದ ಕುತೂಹಲ ತಡೆಯಲಾಗಲಿಲ್ಲ. "ಏನು ಮಾಡಕೋತ ಇರ್ತಿದ್ರಿ?"

"ಮನಸ್ಸಿನ್ಯಾಗ ಪಗಡಿ ಆಡತಿದ್ನಿರಿ. ದಾವಲಸಾಬನ ಆಟಾನೂ ನಾನ ಆಡತಿದ್ದೆ."

"ಯಾರು ಗೆಲ್ಲತಿದ್ರು?"

"ಅಂವನ."

ನೀಲಗಂಗಾ ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು. "ನನಗ ಹೇಳಬಾರದಾಗಿತ್ತೇನ್ರಿ?"

"ಹೇಳಿದ್ರ ಮೀಟಿಂಗ್ ಕರೀತಿದ್ದಿ."

ಡಾಕ್ಟರು ಅವನನ್ನು ಒಳಗಿನ ಕೋಣೆಯಲ್ಲಿ, ಪಟ್ಟಿ ಇಲ್ಲದೆ, ಮಂಚದ ಮೇಲೆ ಮಲಗಿಸಿ ಬಾಗಿಲು ಎಳೆದುಕೊಂಡರು. ಸಾಕಷ್ಟು ಹೊತ್ತಾದ ಮೇಲೆ ಇಣುಕಿದರೆ ಮುರಿಗೆಪ್ಪ ಕಣ್ಣು ತೆರೆದು ಜಂತಿ ನೋಡುತ್ತಿದ್ದ. "ಇನ್ನೊಂದೀಟು ಹೊತ್ತು ಕೊಡ್ರಿ, ಮಾಡ್ತೀನಿ," ಎಂದ. ಕೆಲಸಕ್ಕೆ ತಡವಾಗಿ ಬಂದ ಹೆಂಗಸರು ತನ್ನ ಮುಂದೆ ನಿಂತು ಮಾತಾಡುವ ದನಿ ಅದು ಎಂದು ನೀಲಗಂಗಾಳಿಗೆ ಗುರುತು ಸಿಕ್ಕಿತು.

ಗಲಗಲಿ ಅವಳನ್ನು ಅಂಗಳಕ್ಕೆ ಕರೆದರು. "ನೋಡ್ರಿ ಬಾಯಾರ, ಬಾವಿಗೆ ದೊಡ್ಡ ಮೋಟರ್ ಇಟ್ಟು ಎತ್ತಿದ್ರ ಸೆಲಿ ಒಳಗ ಸರೀತದ. ಅವರ ನಿದ್ದಿಗೂ ಹಂಗ ಆಗೇದ. ತಿರುಗಿ ಬಂದ್ರ ಬರಬಹುದು. ಬರದಿದ್ರ, ನನ್ನ ಕಡೆ ಔಷಧ ಇಲ್ಲ."

"ನಾ ಏನ ಮಾಡಬೇಕ್ರಿ?"

"ಏನೂ ಮಾಡಬಾರದು. ಅವರು ಮಲಗಿದ್ರೋ ಇಲ್ಲೋ ಅಂತ ನೋಡಬಾರದ. ಕೇಳಬಾರದ."

"ಎಷ್ಟು ದಿನಾ?"

"ಅದನ್ನೂ ಕೇಳಬಾರದ."

ಇಷ್ಟು ಕಷ್ಟದ ಕೆಲಸವನ್ನು ಯಾರೂ ಅವಳಿಗೆ ಹಿಂದೆ ಕೊಟ್ಟಿರಲಿಲ್ಲ.

ಹುಬ್ಬಳ್ಳಿಗೆ ಮರಳುವಾಗ ಮುರಿಗೆಪ್ಪ ಕಿಟಕಿಯ ಪಕ್ಕ ಕುಳಿತಿದ್ದ. ಆ ರಸ್ತೆಯಲ್ಲಿ ನೀಲಗಂಗಾ ಅವನೊಡನೆ ಎಷ್ಟು ಸಲ ಓಡಾಡಿದ್ದಳೋ, ಅವನು ಎಚ್ಚರವಿದ್ದದ್ದನ್ನು ಅವಳು ನೋಡಿದ್ದೇ ಇಲ್ಲ. ಈಗ ಅವನು ಎಳೆಯರಂತೆ ಹೊರಗೆ ನೋಡುತ್ತಿದ್ದ. "ಇಲ್ಲಿ ಇಷ್ಟು ಮನಿ ಆಗ್ಯಾವೇನು?" ಎಂದ. ಸ್ವಲ್ಪ ದೂರ ಹೋದ ಮೇಲೆ, "ಇಲ್ಲಿ ಒಂದು ಕೆರಿ ಐತಲ್ಲ!" ಎಂದ. ಸಾವಂತ್ರವ್ವ ಕಿಸಕ್ಕನೆ ನಕ್ಕಳು. ನೀಲಗಂಗಾಳಿಗೆ ನಗು ಬರಲಿಲ್ಲ. ಆ ಸೋಮವಾರವೊಂದನ್ನು ಬಿಟ್ಟರೆ, ಮದುವೆಯಾದಾಗಿನಿಂದ ಈ ಮನುಷ್ಯ ಅವಳಿಂದ ಒಂದನ್ನೂ ಕೇಳಿರಲಿಲ್ಲ. ಅವನ ಬಳಿ ಇದ್ದ ಒಂದೇ ಒಂದನ್ನು ಅವಳು ಎತ್ತಿ ಲಾರಿಗೆ ಹಾಕಿದ್ದಳು.

ಪುಣೆಯ ಕಂಪನಿಯವನು ಬಂದಾಗ ಆರ್ಡರು ಇಮ್ಮಡಿ ಮಾಡುವ ಕಾಗದ ತಂದಿದ್ದ. ನೀಲಗಂಗಾ ಅವನನ್ನು ಕಂಟ್ರೋಲ್ ರೂಮಿನಲ್ಲಿ ಕೂರಿಸಿ ಚಹಾ ಕೊಟ್ಟಳು.

"ಎರಡ ಪಾಳಿ," ಎಂದಳು. "ಸೋಮವಾರ ನಾ ಇರೂದಿಲ್ಲ."

"ಕಾರ್ಖಾನೆ ಬಂದ್ ಇರುತ್ತಾ ಮೇಡಂ?"

"ಕಾರ್ಖಾನಿ ನಡೀತೈತಿ. ನಾ ಇರೂದಿಲ್ಲ. ಸಾವಂತ್ರವ್ವ ಇರತಾಳ."

ಸಾವಂತ್ರವ್ವ ಕುಡಿಯುತ್ತಿದ್ದ ಚಹಾವನ್ನು ಕೆಳಗಿಟ್ಟಳು. ಪುಣೆಯವನು ಮೂರು ಪಾಳಿ ಇಲ್ಲದೆ ತಮಗೆ ಪೂರೈಸದು ಎಂದು ನಯವಾಗಿ ಹೇಳಿ, ಕಾಗದ ಮಡಚಿಕೊಂಡು ಹೋದ. ಅವನ ಕಾರು ಗೇಟು ದಾಟುವ ತನಕ ನೀಲಗಂಗಾ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಆಮೇಲೆ ಮೂರನೆಯ ಪರದೆಯ ತಂತಿಯನ್ನು ಗೋಡೆಯಿಂದ ಕಿತ್ತಳು.

ಮನೆಯಲ್ಲಿ ಅವಳ ಪಾಡು ನೋಡುವಂತಿತ್ತು. ಮುರಿಗೆಪ್ಪ ಕೋಣೆಗೆ ಹೋದರೆ ಅವಳು ಬಾಗಿಲಿಗೆ ಬೆನ್ನು ಮಾಡಿ ಕುಳಿತು ಕಾಳು ಆರಿಸುತ್ತಿದ್ದಳು. ಕಿವಿ ಮಾತ್ರ ಹಿಂದಕ್ಕೆ ತಿರುಗಿರುತ್ತಿತ್ತು. ಅವನು ಹೊರಗೆ ಬಂದರೆ "ನಿದ್ದಿ" ಎಂಬ ಶಬ್ದ ಅವಳ ನಾಲಿಗೆಯ ತುದಿಯ ತನಕ ಬಂದು, "ನಿ... ನೀರ ಬೇಕೇನ್ರಿ?" ಎಂದಾಗುತ್ತಿತ್ತು. ಅವನು ಪಾಪ, ಬೇಡದಿದ್ದರೂ ಕುಡಿಯುತ್ತಿದ್ದ. ಹೀಗೆ ಬಹಳ ದಿನ ಅವನು ನೀರು ಕುಡಿದ, ಮಲಗಲಿಲ್ಲ.

ದಾವಲಸಾಬನನ್ನು ಅವಳೇ ಹೋಗಿ ಕರೆತಂದಳು. ಅವನು ಕಟ್ಟೆಯ ಮೇಲೆ ಹಾಸು ಹರವಿ, "ನೀವೂ ಬಂದ್ರ ಮೂರೂ ಮಂದಿ ಆಡೂಣು ವೈನಿ. ಬರೇ ಈ ಮುರಿಗೆಪ್ಪಣ್ಣನ ಸೋಲಿಸಿ ಸೋಲಿಸಿ ಬ್ಯಾಸರ ಆಗೇತಿ," ಎಂದ.

"ನನಗ ಕೆಲಸ ಐತಿ, ದಾವಲಣ್ಣ."

"ಸೋಮವಾರ ಏನ ಕೆಲಸ? ನೊಗ ಹೊತ್ತು ಓಡ್ಯಾಡತೀರೇನು?"

ಅವಳು ಕುಳಿತಳು. ಆಟವನ್ನೂ ಅವಳು ಕಾರ್ಖಾನೆಯಂತೆಯೇ ಆಡಿದಳು. ಕವಡೆ ಬಿದ್ದ ಕೂಡಲೇ ಎಣಿಸಿ, ಮತ್ತೊಮ್ಮೆ ಎಣಿಸಿ, ದಾವಲಸಾಬನ ಕಾಯಿ ಒಂದು ಮನೆ ಮುಂದೆ ಹೋಗಿದೆಯೆಂದು ತಕರಾರು ತೆಗೆದಳು. ನಡುವೆ ಫೋನು ತೆಗೆದು ಸಾವಂತ್ರವ್ವನನ್ನು, "ಬಿಸಿ ಪಟ್ಟಿ ಕಾವು ಎಷ್ಟೈತಿ?" ಎಂದು ಕೇಳಿದಳು. "ಐತ್ರಿ ಅಕ್ಕಾರ, ಎಷ್ಟು ಇರಬೇಕೋ ಅಷ್ಟೈತಿ," ಎಂದು ಅವಳು ಫೋನು ಇಟ್ಟುಬಿಟ್ಟಳು. ನೀಲಗಂಗಾ ಆ ಫೋನನ್ನು ನೋಡಿದಳು, ಕವಡೆ ಎತ್ತಿಕೊಂಡಳು, ಮುಷ್ಟಿ ಕುಲುಕಿದಳು. ಮುಷ್ಟಿ ಹಾಗೇ ನಿಂತಿತು. ತಲೆ ಗೋಡೆಗೆ ಒರಗಿತು. ಬಾಯಿ ತೆರೆಯಿತು. ತಿಂಗಳುಗಳ ಬಾಕಿ ಒಮ್ಮೆಗೇ ಬಂದು ಅವಳನ್ನು ಹೊತ್ತೊಯ್ದಿತು. ಗೊರಕೆ ಶುರುವಾಯಿತು, ಸಣ್ಣದಲ್ಲ, ಗಿರಣಿಯ ಹದದ್ದು.

"ವೈನಿ, ನಿಮ್ಮ ಕೈ," ಎಂದ ದಾವಲಸಾಬ.

"ಶ್! ಇರಲಿ. ಕಾಯೂಣು," ಎಂದ ಮುರಿಗೆಪ್ಪ.

ಮುರಿಗೆಪ್ಪ ಹೆಂಡತಿಯ ಗೊರಕೆಯನ್ನು ಕೇಳಿದ್ದು ಅದೇ ಮೊದಲು. ಯಾವತ್ತೂ ಅವನೇ ಮೊದಲು ಮಲಗಿ ಅವನೇ ಕೊನೆಗೆ ಏಳುತ್ತಿದ್ದ. ಒಳ್ಳೆಯ ಹದದಲ್ಲಿದೆ ಎಂದು ತಲೆದೂಗಿದ. ಅವಳು ಎದ್ದು ಕವಡೆ ಹಾಕುವ ತನಕ ಅವನಿಗೆ ಮಾಡಲು ಏನೂ ಇರಲಿಲ್ಲ, ಯಾರೂ ಅವನನ್ನು ನೋಡುತ್ತಲೂ ಇರಲಿಲ್ಲ. ಕಾಯುತ್ತ ಕಾಯುತ್ತ ಅವನ ಗದ್ದ ಎದೆಗೆ ಇಳಿಯಿತು.

ದಾವಲಸಾಬ ಇಬ್ಬರ ಕಡೆಗೂ ನೋಡಿದ. ಆಟ ಅವನೇ ಗೆಲ್ಲುವ ಹಾಗಿತ್ತು. ಎದ್ದು ಹೋಗಲು ಮನಸ್ಸು ಬರದೆ, ಎಬ್ಬಿಸಲೂ ಮನಸ್ಸು ಬರದೆ, ಬಿಸಿಲು ಕಟ್ಟೆಯಿಂದ ಇಳಿದು ರಸ್ತೆಗೆ ಹೋಗುವ ತನಕ ಅವರಿಬ್ಬರ ಮೇಲೆ ಕೂರುವ ನೊಣ ಓಡಿಸುತ್ತ ಕುಳಿತ.

ಇದು ಆಗಿ ಒಂದು ವರ್ಷವಾಯಿತು. ಪುಣೆಯ ಆರ್ಡರು ಮತ್ತೆ ಬರಲಿಲ್ಲ. ಬೇರೆ ಊರಿನ ರೊಟ್ಟಿಯವರಿಗೆ ಹೋಯಿತು. ಮೂರನೆಯ ಪಾಳಿಯ ಹೆಂಗಸರಲ್ಲಿ ಅರ್ಧ ಜನರನ್ನು ನೀಲಗಂಗಾ ಉಳಿಸಿಕೊಂಡಳು, ಅರ್ಧ ಜನ ಬೇರೆ ಕೆಲಸ ನೋಡಿಕೊಂಡರು. ಅವಳು ಈಗ ದಿನಕ್ಕೆ ಐದು ತಾಸು ತನ್ನದೇ ನಿದ್ದೆ ಮಾಡುತ್ತಾಳೆ, ಸೋಮವಾರ ಇನ್ನೂ ಸ್ವಲ್ಪ ಹೆಚ್ಚು. ಇದು ಅವಳಿಗೆ ಮೊದಲು ಇರಲಿಲ್ಲ. ಮುರಿಗೆಪ್ಪನಿಗೆ ರಾತ್ರಿಯ ನಿದ್ದೆ ಮರಳಿತು, ಎಲ್ಲರಿಗೆ ಬರುವಷ್ಟು. ಮಧ್ಯಾಹ್ನದ್ದು ಕೆಲವು ದಿನ ಬರುತ್ತದೆ, ಕೆಲವು ದಿನ ಬರುವುದಿಲ್ಲ; ಬಾರದ ದಿನ ಅವನು ಕಣ್ಣು ತೆರೆದುಕೊಂಡು ಮಲಗಿರುತ್ತಾನೆ. ಹೋದ ನಿದ್ದೆ ಅವನದು, ಬಂದದ್ದು ಅವಳದು. ಅದು ಅವಳಿಗೆ ಗೊತ್ತಿದೆ.